ಚುಕ್ಕೆ ನೋಡಲು ಆರಿಸಿದ ತಿಂಗಳು

ಕೆಲಮಂಗಲದ ಹೆಣ್ಣುಮಕ್ಕಳ ಶಾಲೆಗೆ ನಾನು ಟೀಚರಾಗಿ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಯುದ್ಧ ನಡೆಯುತ್ತಿದ್ದ ಕಾಲ. ಹೊಸೂರಿನಲ್ಲಿ ಅಂಚೆ ಮಾಸ್ತರಾಗಿದ್ದು ನಿವೃತ್ತರಾಗಿದ್ದ ಅಪ್ಪ ನನ್ನ ಜೊತೆಗೇ ಬಂದು ಇದ್ದರು. ಶಾಲೆಯೆಂದರೆ ಉದ್ದನೆಯ ಒಂದೇ ಕೋಣೆ. ಅದರಲ್ಲಿ ನಾಲ್ಕು ಕ್ಲಾಸು, ನಾನು ಮತ್ತು ಇನ್ನೊಬ್ಬ ವಯಸ್ಸಾದ ಟೀಚರು.

ನಾಲ್ಕನೆಯ ಕ್ಲಾಸಿನ ಪುಸ್ತಕದಲ್ಲಿ ನಕ್ಷತ್ರಗಳ ಮೇಲೆ ಒಂದು ಪಾಠವಿತ್ತು. ಪಾಠ ಮುಗಿಸಿ, ಇವತ್ತು ಸಂಜೆ ಹೊರಗೆ ನಿಂತು ನೋಡಿಕೊಂಡು ಬನ್ನಿ ಎಂದು ಹೇಳಿ ಕಳಿಸಿದೆ. ಮರುದಿನ ಕೇಳಿದರೆ ನೋಡಿದ್ದವರು ಇಬ್ಬರೇ. ಉಳಿದವರು, ಕತ್ತಲಾದ ಮೇಲೆ ಅಮ್ಮ ಹೊರಗೆ ಬಿಡುವುದಿಲ್ಲ ಎಂದರು. ಅದು ಪೂರ್ತಿ ನಿಜವಲ್ಲ. ಹೆಂಗಸರು ಬಯಲಿಗೆ ಹೋಗುತ್ತಿದ್ದುದೇ ಕತ್ತಲಲ್ಲಿ. ಆದರೆ ಹೋಗುವಾಗಲೂ ಬರುವಾಗಲೂ ಹಾವು ಚೇಳು ನೋಡಿಕೊಂಡು ತಲೆ ತಗ್ಗಿಸಿಯೇ ನಡೆಯುತ್ತಿದ್ದರು. ತಲೆ ಎತ್ತುವುದಕ್ಕೆ ಪುರಸೊತ್ತು ಯಾರಿಗಿತ್ತು?

ವಿಚಿತ್ರವೆಂದರೆ ಅವರಲ್ಲಿ ಒಬ್ಬೊಬ್ಬರಿಗೂ ನಕ್ಷತ್ರಗಳ ಹೆಸರು ಬಾಯಿಪಾಠವಾಗಿತ್ತು. ಭರಣಿ ಬಂತೇ, ರೋಹಿಣಿ ಕೈಕೊಟ್ಟಿತೇ, ಹಸ್ತ ಚಿತ್ತೆ ಹೇಗೆ ಎಂದು ಹೊಲದ ಮಾತಾಡುವಾಗ ಇಪ್ಪತ್ತೇಳರಲ್ಲಿ ಅರ್ಧದಷ್ಟಾದರೂ ಬಂದುಹೋಗುತ್ತಿದ್ದವು. ಅವರಿಗೆ ಅವು ಮಳೆಗಳು. ಅದೇ ಹೆಸರಿನ ಚುಕ್ಕೆಗಳು ಆಕಾಶದಲ್ಲಿವೆ ಎಂದರೆ ಒಬ್ಬ ಹುಡುಗಿಯ ತಾಯಿ, "ಮಳೆ ಅಲ್ವಾ ಅದು?" ಎಂದು ಕೇಳಿದ್ದಳು. ತಾಯಂದಿರನ್ನೂ ಹುಡುಗಿಯರನ್ನೂ ಒಟ್ಟಿಗೆ ಒಂದು ಸಂಜೆ ಬಯಲಿನಲ್ಲಿ ಕೂರಿಸಿ ತೋರಿಸಬೇಕೆಂಬ ಯೋಚನೆ ನನಗೆ ಬಂದದ್ದು ಆ ಮಾತಿನಿಂದ.

ಮೊದಲ ಸಲ ನಾನು ಏನೂ ಲೆಕ್ಕ ಹಾಕಲಿಲ್ಲ. ವೈಶಾಖದಲ್ಲಿ ಕರೆದೆ. ಬೇಸಿಗೆ, ಹೊಲದ ಕೆಲಸ ಕಡಿಮೆ, ಮನೆಯೊಳಗೆ ಸೆಕೆ, ಜನ ತಾವಾಗಿಯೇ ಹೊರಗೆ ಬರುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಬಂದರು ಕೂಡ, ಮೂವತ್ತು ಜನ. ಚಾಪೆ ಹಾಸಿ ಕೂತರು. ಏಳು ಗಂಟೆಯ ಹೊತ್ತಿಗೆ ಪಶ್ಚಿಮದಿಂದ ದೂಳು ಎದ್ದಿತು, ಗುಡುಗಿತು, ದಪ್ಪ ಹನಿಗಳು ಬಿದ್ದವು. ಚಾಪೆಗಳನ್ನು ತಲೆಯ ಮೇಲೆ ಹೊತ್ತು ಎಲ್ಲರೂ ಓಡಿದರು. ಮರುದಿನ ಪುರಿ ಹುರಿದು ಮಾರುವ ಹೆಂಗಸೊಬ್ಬಳು ಶಾಲೆಯ ಮುಂದೆ ನಿಂತು, "ಚುಕ್ಕೆ ತೋರ್ಸ್ತೀನಿ ಅಂತ ಕರ್ದು ಭರಣಿ ಮಳೆ ತೋರ್ಸಿದ್ರಲ್ಲ ಟೀಚರಮ್ಮ," ಎಂದಳು. ಅವಳ ಮಗಳು ನನ್ನ ಕ್ಲಾಸಿನಲ್ಲೇ ಇದ್ದಳು.

ಅಪ್ಪ ಪಂಚಾಂಗ ತೆಗೆದು ತೋರಿಸಿದರು. "ಭರಣಿ ಮಳೆ ಅಂದ್ರೇನು? ಸೂರ್ಯ ಭರಣಿ ನಕ್ಷತ್ರದಲ್ಲವ್ನೆ ಅಂತ. ಸೂರ್ಯ ಅಲ್ಲೇ ಕೂತಿದ್ರೆ ಆ ಚುಕ್ಕೆ ನಿನಗೆಲ್ಲಮ್ಮ ಕಾಣ್ತದೆ? ಇವ್ರಿಗೆ ಭರಣಿ, ಕೃತ್ತಿಕೆ, ರೋಹಿಣಿ ತೋರ್ಸ್ಬೇಕು ಅಂದ್ರೆ ಆ ಮಳೆಗಳ ಕಾಲ ಬಿಟ್ಟು ದೂರ ಹೋಗ್ಬೇಕು."

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಸಂಜೆ ಊಟವಾದ ಮೇಲೆ ಅಂಗಳದಲ್ಲಿ ನಿಂತು ನೋಡಿದ್ದನ್ನು ಬರೆಯತೊಡಗಿದೆ. ಹೆಚ್ಚೇನಿಲ್ಲ. ತಿಥಿ, ಮೋಡ ಇದೆಯೇ ಇಲ್ಲವೇ, ಚಂದ್ರ ಎಷ್ಟು ಹೊತ್ತಿಗೆ, ಚಳಿ, ಗಾಳಿ. ನನಗೆ ಜ್ವರ ಬಂದ ಹತ್ತು ದಿನ ಅಪ್ಪ ಬರೆದರು. ಅಂಚೆ ಕಚೇರಿಯ ಅಭ್ಯಾಸದಂತೆ ಗಂಟೆ ನಿಮಿಷವನ್ನೂ ಹಾಕಿ ಕೆಳಗೆ ರುಜು ಮಾಡುತ್ತಿದ್ದರು.

ಆಷಾಢ ಶ್ರಾವಣದ ಪುಟಗಳಲ್ಲಿ ಮೋಡ, ಮೋಡ, ಗಾಳಿ ಎಂದೇ ಇದೆ. ಭಾದ್ರಪದದಲ್ಲಿ ನಡುನಡುವೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತಿತ್ತು, ಆದರೆ ಯಾವ ದಿನ ಎಂದು ಮುಂಚೆ ಹೇಳುವಂತಿರಲಿಲ್ಲ. ಕಾರ್ತಿಕದಲ್ಲಿ ಸಮುದ್ರದ ಕಡೆಯಿಂದ ಜಡಿಮಳೆ ಬಂದು ಒಂದು ವಾರ ಕೂತಿತು. ಮಾರ್ಗಶಿರ ಬಂದಮೇಲೆ ಆಕಾಶ ತಿಳಿಯಾಯಿತು. ಬೆಳಗಿನ ಹೊತ್ತು ಮಂಜಿದ್ದರೂ ಸಂಜೆ ಎಲ್ಲ ಸ್ವಚ್ಛ. ಪುಷ್ಯವಂತೂ ಒಂದು ದಿನ ಕೂಡ ತಪ್ಪಲಿಲ್ಲ. ನೋಟ್‌ಬುಕ್ಕನ್ನು ನಂಬಿದ್ದರೆ ಪುಷ್ಯವೇ ಸರಿಯಾದ ತಿಂಗಳು.

ಪುರಿ ಮಾರುವವಳ ಹತ್ತಿರ ಹೋಗಿ ಹೇಳಿದೆ. ಊರಿನ ಹೆಂಗಸರೆಲ್ಲ ಅವಳ ಅಂಗಡಿಗೆ ಬರುತ್ತಿದ್ದುದರಿಂದ ಯಾರಿಗೆ ಯಾವಾಗ ಬಿಡುವು ಎನ್ನುವುದು ಅವಳಿಗೇ ಚೆನ್ನಾಗಿ ಗೊತ್ತು.

"ಈಗಾ?" ಎಂದಳು. "ರಾಗಿ ತೆನೆಯೆಲ್ಲ ಕಣದಲ್ಲಿ ಬಿದ್ದೈತೆ. ಹಗಲೆಲ್ಲ ಒಕ್ಕಣೆ ಮಾಡಿ ಸಂಜೆಗೆ ಕೈಕಾಲು ಬಿದ್ದೋಗಿರ್ತವೆ. ಚಳಿ ಬೇರೆ. ಕೂಸು ಎತ್ಕೊಂಡು ಯಾರು ಬತ್ತಾರೆ?"

"ಮಾಘದಲ್ಲಿ?"

"ಮಾಘಕ್ಕೆ ರಾಗಿ ಹಗೇವು ಗುಂಡಿಗೆ ಇಳಿದಿರ್ತದೆ. ಕಣವೂ ಖಾಲಿ. ಆವಾಗ ಬತ್ತಾರೆ."

ಮಾಘದ ಅಮಾವಾಸ್ಯೆ ಎಂದು ನಾನು ಹೇಳಿದ್ದೇ ತಡ, ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಅಮಾಸೆ ದಿನ ಹೆಣ್ಮಕ್ಳನ್ನ ಬಯಲಾಗೆ ಕೂರುಸ್ತೀರಾ? ಊರೋರು ನಿಮ್ಮನ್ನ ಇಲ್ಲಿ ಇರೋಕೆ ಬಿಡಲ್ಲ." ಅದು ಬೆದರಿಕೆಯಲ್ಲ, ಹಿತವಚನವೇ. ಕೊನೆಗೆ ಅಪ್ಪ ದಾರಿ ಹುಡುಕಿದರು. ಬಹುಳ ನವಮಿಯ ದಿನ ಚಂದ್ರ ಹುಟ್ಟುವುದು ನಡುರಾತ್ರಿ ಕಳೆದ ಮೇಲೆ. ಸಂಜೆ ಏಳರಿಂದ ಒಂಬತ್ತರವರೆಗೆ ಅಮಾವಾಸ್ಯೆಯಷ್ಟೇ ಕತ್ತಲು. ಹೆಸರು ಮಾತ್ರ ಅಮಾವಾಸ್ಯೆಯಲ್ಲ. ಸಂತೆಯ ದಿನವೂ ಆಗಿರಲಿಲ್ಲ. ಎಲ್ಲರೂ ಒಪ್ಪಿದರು.

ಆ ಸಂಜೆ ಐವತ್ತಕ್ಕಿಂತ ಹೆಚ್ಚು ಜನ ಬಂದರು. ಸಗಣಿ ಸಾರಿಸಿದ್ದ ಕಣ ಇನ್ನೂ ಗಟ್ಟಿಯಾಗಿತ್ತು, ಚಾಪೆಯೂ ಬೇಕಾಗಲಿಲ್ಲ. ಲಾಟೀನು ಆರಿಸಿ ಎಂದು ನಾನು ಹೇಳಬೇಕಾಗಿಯೇ ಬರಲಿಲ್ಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲವಾದ್ದರಿಂದ ತಂದವರು ಇಬ್ಬರೇ. ನೆತ್ತಿಯ ಹತ್ತಿರ ರೋಹಿಣಿ, ಅದಕ್ಕಿಂತ ಪಶ್ಚಿಮಕ್ಕೆ ಕೃತ್ತಿಕೆ, ದಕ್ಷಿಣದ ಗುಡ್ಡದ ಮೇಲೆ ಅಗಸ್ತ್ಯ. ಪೂರ್ವದಲ್ಲಿ ಮಖಾ ನಕ್ಷತ್ರದ ಪಕ್ಕ ಗುರು ಗ್ರಹ ದೀಪದ ಹಾಗೆ ಮೂಡಿತ್ತು. ಕೃತ್ತಿಕೆಯನ್ನು ತೋರಿಸಿದಾಗ ಒಬ್ಬ ತೆಲುಗು ಮನೆಯ ಅಜ್ಜಿ, ಅದು ಪಿಲ್ಲಲ ಕೋಡಿ, ಮರಿಗಳ ಜೊತೆ ಇರುವ ಕೋಳಿ, ತನ್ನ ಅಜ್ಜಿ ಹೇಳಿದ್ದು ಎಂದಳು. "ಇಷ್ಟು ಪುಟ್ಟದು ಅಷ್ಟು ಮಳೆ ಸುರಿಸ್ತದಾ?" ಎಂದು ಇನ್ನೊಬ್ಬಳು ಕೇಳಿದಳು. ನಾಲ್ಕೈದು ಜನ ನಕ್ಕರು. ನಾನು ಸೂರ್ಯನ ವಿಷಯ ವಿವರಿಸಿದೆ. ಅರ್ಧ ಜನಕ್ಕೆ ಅರ್ಥವಾಗಿರಬಹುದು.

ಆಮೇಲೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಕೃತ್ತಿಕೆಯಲ್ಲಿ ಎಷ್ಟು ಚುಕ್ಕೆ ಎಂದು ಎಣಿಸಿ ಹೇಳಿ ಎಂದೆ. ಆರು, ಆರು, ಏಳು, ಆರು ಎಂದು ಬಂತು. ಪುರಿ ಮಾರುವವಳ ಮಗಳೂ "ಆರು" ಎಂದಳು. ಒಂಬತ್ತು ವರ್ಷದ ಹುಡುಗಿ, ವಯಸ್ಸಿಗೆ ಎತ್ತರ, ಕ್ಲಾಸಿನಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದವಳು. ಆದರೆ ಅವಳ ಮುಖ ಕೃತ್ತಿಕೆಯ ಕಡೆ ಇರಲಿಲ್ಲ. ಎಲ್ಲಿದೆ, ಬೆರಳು ಮಾಡಿ ತೋರಿಸು ಎಂದೆ. ಅವಳು ಬರಿಯ ಕತ್ತಲಿದ್ದ ಕಡೆ ಕೈ ತೋರಿಸಿದಳು. ಅವಳ ತಾಯಿ ಗದರಿದಳು. ನಾನು ಹತ್ತಿರ ಹೋಗಿ ಬಗ್ಗಿ ಕೇಳಿದೆ.

"ನಂಗೆ ಒಂದೂ ಕಾಣಲ್ಲ ಟೀಚರಮ್ಮ," ಎಂದಳು ಮೆಲ್ಲಗೆ. "ಎಲ್ರೂ ಸುಮ್ಕೆ ಹೇಳ್ತಾರೆ ಅಂದ್ಕೊಂಡಿದ್ದೆ. ಕತೆಲಿ ಹೇಳ್ತಾರಲ್ಲ, ಹಂಗೆ."

ಪೂರ್ವದಲ್ಲಿದ್ದ ಗುರುವನ್ನು ತೋರಿಸಿದೆ. ಅದು ಕಾಣುತ್ತದೆ, ಹತ್ತಿ ಉಂಡೆ ಇದ್ದ ಹಾಗಿದೆ ಎಂದಳು.

ಉಳಿದವರಿಗೆ ನಾನು ಆ ಸಂಜೆ ಇನ್ನೇನು ಹೇಳಿದೆನೋ ನೆನಪಿಲ್ಲ. ಆ ಹುಡುಗಿ ಹಲಗೆಯ ಮೇಲಿದ್ದದ್ದನ್ನು ತಪ್ಪುತಪ್ಪಾಗಿ ಬರೆದುಕೊಳ್ಳುತ್ತಿದ್ದಳು. ಪಕ್ಕದವಳ ಸ್ಲೇಟು ನೋಡುತ್ತಿದ್ದಳು. ಅದಕ್ಕಾಗಿ ಎರಡು ವರ್ಷದಲ್ಲಿ ಹಲವು ಸಲ ನಾನು ಅವಳ ಅಂಗೈಗೆ ಬೆತ್ತದಿಂದ ಹೊಡೆದಿದ್ದೆ, ಎಲ್ಲರ ಮುಂದೆ ದಡ್ಡಿ ಎಂದಿದ್ದೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. "ನಾಳೆ ಮುಂದೆ ಕೂರ್ಸು," ಎಂದಷ್ಟೇ ಹೇಳಿದರು.

ಮರುದಿನ ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅವಳನ್ನು ಹಿಂದಿನಿಂದ ಒಂದೊಂದೇ ಹೆಜ್ಜೆ ಮುಂದೆ ಕರೆದೆ. ಹಲಗೆಗೆ ಒಂದು ಮೊಳ ದೂರಕ್ಕೆ ಬಂದಾಗ ಅವಳು ಸರಾಗವಾಗಿ ಓದಿದಳು.

ತಾಯಿ ನಂಬಲಿಲ್ಲ. "ಅವಳ ಕಣ್ಣಿಗೇನಾಗೈತೆ? ಅಕ್ಕೀಲಿ ಕಲ್ಲು ಆರುಸ್ತಾಳೆ. ಸೂಜಿಗೆ ದಾರ ನನಗಿಂತ ಮೊದ್ಲು ಪೋಣಿಸ್ತಾಳೆ," ಎಂದಳು. ಹತ್ತಿರದ್ದು ಕಾಣುತ್ತದೆ, ದೂರದ್ದು ಕಾಣುವುದಿಲ್ಲ ಎಂದೆ. ಕನ್ನಡಕ ಎಂಬ ಮಾತು ಬಂದಾಗ ಅವಳ ಮುಖ ಬಿಗಿಯಾಯಿತು. "ಕನ್ನಡ್ಕ ಹಾಕ್ಕೊಂಡ ಹೆಣ್ಣನ್ನ ನಾಳೆ ಯಾರು ಕಟ್ಕೊಂಡಾರು?"

ಮದುವೆಯ ವಿಷಯದಲ್ಲಿ ಮಾತಾಡಲು ನಾನು ಯಾರು, ನನಗೇ ಆಗಿರಲಿಲ್ಲ. ಎರಡು ದಿನ ಬಿಟ್ಟು ಅವಳೇ ಬಂದಳು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಬೀದಿಯ ತುದಿಯಲ್ಲಿ ಸುಮ್ಮನೆ ನಿಂತು ನೋಡಿದಳಂತೆ. ಕೈ ಬೀಸಿದಳಂತೆ. ಹುಡುಗಿ ಹತ್ತು ಮಾರು ದೂರದಲ್ಲಿ ಅವಳನ್ನು ದಾಟಿ ಹೋಗಿಬಿಟ್ಟಳು.

"ಹೆತ್ತವ್ಳನ್ನೇ ಕಾಣ್ದಂಗೆ ಹೋಗ್ಬುಟ್ಲು," ಎಂದಳು. "ಎಲ್ಲಿಗೆ ಕರ್ಕೊಂಡೋಗ್ಬೇಕು ಹೇಳಿ."

ಯುಗಾದಿ ಕಳೆದ ಮೇಲೆ ಬೆಂಗಳೂರಿನ ಕಣ್ಣಾಸ್ಪತ್ರೆಗೆ ನಾವು ಮೂವರೂ ಹೋದೆವು. ಪೆಟ್ರೋಲು ಇಲ್ಲದ ದಿನಗಳು, ಬಸ್ಸು ಇದ್ದಿಲ ಗ್ಯಾಸಿನಿಂದ ಓಡುತ್ತಿತ್ತು. ಹೊಸೂರಿನಲ್ಲಿ ಬಸ್ಸು ಬದಲಾಯಿಸಿ, ದಿಣ್ಣೆ ಬಂದಾಗ ಒಂದೆರಡು ಕಡೆ ಇಳಿದು ನಡೆದು, ಮಧ್ಯಾಹ್ನಕ್ಕೆ ಮುಟ್ಟಿದೆವು. ಡಾಕ್ಟರು ಹುಡುಗಿಯ ಕಣ್ಣ ಮುಂದೆ ಗಾಜುಗಳನ್ನು ಬದಲಿಸುತ್ತ ಹೋದರು. ಕನ್ನಡಕ ಮೂರು ವಾರದ ಮೇಲೆ ಅಂಚೆಯಲ್ಲಿ ಬಂತು. ಅಪ್ಪನೇ ಕಟ್ಟು ಬಿಚ್ಚಿ ಅವಳ ಕಿವಿಗೆ ಸಿಕ್ಕಿಸಿದರು.

ಅವಳು ಮೊದಲು ಶಾಲೆಯ ಮುಂದಿನ ಹುಣಸೆಮರವನ್ನು ನೋಡಿದಳು. "ಎಲೆ ಒಂದೊಂದೂ ಬೇರೆ ಬೇರೆ ಐತೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿ ತುಂಬ ಹೊತ್ತು ನೋಡಿ, "ಟೀಚರಮ್ಮ, ನಿಮ್ಮ ಮುಖದಾಗೆ ಸಿಡುಬಿನ ಕಲೆ ಐತಲ್ಲ," ಎಂದಳು. ಎರಡು ವರ್ಷ ಪಾಠ ಹೇಳಿದ ನನ್ನ ಮುಖ ಅವಳು ಕಂಡದ್ದು ಅಂದೇ. ಅವಳನ್ನು ಹೊಡೆದದ್ದಕ್ಕೆ ತಪ್ಪಾಯಿತು ಎಂದು ಹೇಳಿದೆ. ಅವಳು ಪಕ್ಕದಲ್ಲಿದ್ದ ತಾಯಿಯ ಸೆರಗಿನ ಹಿಂದೆ ಹೋದಳು.

ಚುಕ್ಕೆಗಳನ್ನು ಅವಳು ಮೊದಲ ಸಲ ನೋಡಿದಾಗ ನಾನು ಜೊತೆಗಿರಲಿಲ್ಲ. ತಾಯಿ ಹೇಳಿದ್ದು ಇಷ್ಟು: "ಉಣ್ಣೋಕೆ ಕೂತೋಳು ತಟ್ಟೆ ಎತ್ಕೊಂಡು ಆಚೆ ಹೋದ್ಲು. ಮುದ್ದೆ ತಣ್ಣಗಾಗೋಯ್ತು, ಒಳಕ್ಕೆ ಬರಲಿಲ್ಲ." ಆಗ ಚೈತ್ರ ಮುಗಿಯುತ್ತಿತ್ತು, ಕೃತ್ತಿಕೆ ಪಶ್ಚಿಮಕ್ಕಿಳಿದು ಮುಳುಗುವುದರಲ್ಲಿತ್ತು. ಕಂಡಿತೋ ಇಲ್ಲವೋ ನಾನು ಕೇಳಲಿಲ್ಲ.

ಮುಂದಿನ ವರ್ಷದ ಮಾಘಕ್ಕೆ ಮುಂಚೆಯೇ ನನಗೆ ಕಾಡಂಚಿನ ಊರಾದ ಅಂಚೆಟ್ಟಿಗೆ ವರ್ಗವಾಯಿತು. ಅಲ್ಲಿಯೂ ಹೆಂಗಸರನ್ನು ಕರೆಯೋಣವೆಂದು ಮಾಘದ ನವಮಿಯನ್ನೇ ಹೇಳಿದೆ. ನಮ್ಮ ಪಕ್ಕದ ಮನೆಯ ಮುದುಕಿ ತಲೆಯಾಡಿಸಿದಳು.

"ಆವಾಗ ಆನೆ ಇಲ್ಲೇ ಇರ್ತವೆ ಕಣವ್ವ. ಹುಲ್ಲು ಮೆದೆಗೆ ಬತ್ತವೆ. ಬಿಸ್ಲು ಏರಿ ಹಳ್ಳ ಬತ್ತಿದ್ಮೇಲೆ ಹೊಳೆ ಕಡೆಗೆ ಇಳಿದೋಯ್ತವೆ. ಆಮ್ಯಾಕೆ ಕೂರಬೌದು."

ಹಾಗಾಗಿ ಅಲ್ಲಿ ಫಾಲ್ಗುಣದ ಬಹುಳದಲ್ಲಿ, ಶಾಲೆಯ ಜಗಲಿಯ ಮುಂದೆ ಸೇರಿದೆವು. ಹದಿನಾಲ್ಕು ಜನ ಬಂದಿದ್ದರು. ಎಲ್ಲೋ ಕಾಡಿಗೆ ಬೆಂಕಿ ಬಿದ್ದಿತ್ತು, ದಕ್ಷಿಣದ ಕಡೆ ಹೊಗೆ ಮುಚ್ಚಿಕೊಂಡು ಅಗಸ್ತ್ಯ ಕಾಣಲಿಲ್ಲ. ಉತ್ತರಕ್ಕೆ ಸಪ್ತರ್ಷಿ ಮಂಡಲ ಪೂರ್ತಿ ಮೇಲೆ ಬಂದಿತ್ತು. ಅದನ್ನು ತೋರಿಸಿದೆ. ಶುರು ಮಾಡುವ ಮೊದಲು ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದು, ಏನು ಕಾಣುತ್ತದೆ ಹೇಳು ಎಂದು ಕೇಳಿದ್ದೆ. ಎಲ್ಲರಿಗೂ ಕಾಣುತ್ತಿತ್ತು.