ತಿಕ್ಕಿದ ನಾಲ್ಕಾಣೆ

ಗೋಳಗುಮ್ಮಟದ ಹತ್ತಿರ ಹಳೆಯ ನಾಣ್ಯ ಮಾರುವ ಬಸಲಿಂಗಯ್ಯನಂಥ ಕಲ್ಲೆದೆಯವನನ್ನು ನಾನು ಕಂಡಿಲ್ಲ. ಹಳೆ ನಾಣ್ಯಕ್ಕೆ ಲಕ್ಷ ಸಿಗುತ್ತದೆಂದು ಮೊಬೈಲಿನಲ್ಲಿ ನೋಡಿ, ತಿಕೋಟಾದಲ್ಲಿ ಒಣದ್ರಾಕ್ಷಿ ಆರಿಸುವ ಕಾಶಿಬಾಯಿ ಹುಲಿ ಚಿತ್ರದ ನಾಲ್ಕಾಣೆ ತಂದಿದ್ದಳು. ದೇವರ ಸಾಮಾನು ಬೆಳಗುವಂತೆ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು.

ಅವನು ಅಯಸ್ಕಾಂತ ಹಿಡಿದ, ನಾಣ್ಯ ಅಂಟಿತು.

"ಅಸಲಿ ನಿಕ್ಕಲ್. ಯಾಕ ತಿಕ್ಕಿದಿ ಬೇ?"

"ಹೊಳೀಲಿ ಅಂತ್ರಿ, ಅಯ್ಯಾರ."

"ತಿಕ್ಕಲಾರದ ತಂದಿದ್ರ ಲಕ್ಷ ಕೊಡ್ತಿದ್ದೆ. ನಿನ್ನ ಕೈಲೆ ನೀನ ಹಾಳ ಮಾಡಿದಿ."

ಕಾಶಿಬಾಯಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು, ಹಣೆ ಹಣೆ ಬಡಿದುಕೊಂಡಳು.

ತಿಕ್ಕದ ಅಂಥ ನಾಲ್ಕಾಣೆಗಳು ಅವನ ಡಬ್ಬಿಯಲ್ಲಿ ರಾಶಿ ಬಿದ್ದಿವೆ; ನೂರು ರೂಪಾಯಿಗೂ ಯಾರೂ ಕೊಳ್ಳುವುದಿಲ್ಲ. ಅದನ್ನು ಹೇಳಿದ್ದರೆ ಅವಳು ನಕ್ಕು ಬಸ್ ಹತ್ತುತ್ತಿದ್ದಳು. ಅವನು ಚಹಾ ತರಿಸಿ, ಅವಳು ಅಳುವುದನ್ನು ನೋಡುತ್ತ ನಿಧಾನವಾಗಿ ಕುಡಿದ.