ಮುಂದೆ ಗುಂಡಿಯಿದ್ದ ನೀಲಿ ನೈಟಿ

ಮಂಚಮ್ಮನನ್ನು ನಾನು ಮೊದಲು ನೋಡಿದಾಗ ಅವಳ ತುಟಿಗಳ ನಡುವೆ ಎರಡು ಗುಂಡುಪಿನ್ನುಗಳಿದ್ದವು. ೧೯೯೫ರ ಜೂನ್ ತಿಂಗಳು. ಬಿ.ಎಡ್. ಮುಗಿಸಿ, ಹೊಣಕೆರೆ ಕಡೆಯ ನಮ್ಮೂರಿನಿಂದ ಅಕ್ಕಿಹೆಬ್ಬಾಳಿನ ಶಾಲೆಯೊಂದಕ್ಕೆ ಟೀಚರಾಗಿ ಬಂದಿದ್ದೆ. ದ್ಯಾವಯ್ಯನವರ ಮನೆಯ ಮುಂದಿನ ಕೋಣೆ ಖಾಲಿಯಿದೆ ಎಂದು ಯಾರೋ ಹೇಳಿದ್ದರು. ಟ್ರಂಕು ಹಿಡಿದು ಬಾಗಿಲಿಗೆ ಹೋದರೆ ಜಗಲಿಯ ಮೇಲೆ ಹೊಲಿಗೆ ಮಿಷನ್ನು, ಅದರ ಹಿಂದೆ ಹಸಿರು ದಾವಣಿಯ ಒಬ್ಬ ಹುಡುಗಿ. ಬಾಯಲ್ಲಿ ಪಿನ್ನಿದ್ದುದರಿಂದ ಮಾತಾಡಲಾಗದೆ, ಇರಿ ಎಂದು ಕೈಯೆತ್ತಿ ತೋರಿಸಿದಳು. ಅಂಚು ಹೊಲಿದು ಮುಗಿಸಿ, ಪಿನ್ನು ತೆಗೆದು, ದಾರ ಹಲ್ಲಲ್ಲಿ ಕಡಿದಳು.

"ಟೀಚರ್ರಾ? ಬಟ್ಟೆ ಒಲಿಸ್ಬೇಕಾ, ರೂಮು ನೋಡ್ಬೇಕಾ?"

"ರೂಮು," ಅಂದೆ. ಆದರೆ ನನ್ನ ಕಣ್ಣು ಅವಳ ಮಡಿಲಲ್ಲಿದ್ದ ಬಟ್ಟೆಯ ಮೇಲಿತ್ತು. ಗುಲಾಬಿ ಹೂಗಳ, ಚೀಲದಷ್ಟು ಅಗಲದ, ಕತ್ತಿನಿಂದ ಸೊಂಟದವರೆಗೆ ಗುಂಡಿಗಳಿದ್ದ ಉದ್ದ ಅಂಗಿ.

"ನೈಟಿ ಅಂತಾರೆ. ಬಾಣಂತೀರ್ಗೆ," ಎಂದಳು. "ಇದ್ರೊಳ್ಗೆ ನಾವಿಬ್ರೂ ನಿಂತ್ಕಂಡ್ರೂ ಜಾಗ ಮಿಗ್ತದೆ."

ಪಟ್ಟಣಗಳಲ್ಲಿ ಆಗಲೇ ಎಲ್ಲರೂ ನೈಟಿ ಹಾಕುತ್ತಿದ್ದರು. ಆದರೆ ಆ ಊರಿನ ಒಕ್ಕಲುಮನೆಗಳಲ್ಲಿ ಅದು ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ಹೆಂಗಸಿನ ಬಟ್ಟೆ. ಒಂಬತ್ತು ತಿಂಗಳು ತುಂಬುತ್ತಿದ್ದಂತೆ ಬಸುರಿಯ ತಾಯಿ ಬಟ್ಟೆ ತಂದು ಮಂಚಮ್ಮನಿಗೆ ಕೊಡುತ್ತಿದ್ದಳು. ಮಗುವಿಗೆ ಹಾಲು ಕೊಡಲು ಅನುಕೂಲವಾಗಲೆಂದು ಮುಂದೆ ಗುಂಡಿ. ಬಾಣಂತನ ಮುಗಿದ ಮೇಲೆ ಅದು ಪೆಟ್ಟಿಗೆಯ ತಳ ಸೇರುತ್ತಿತ್ತು. ಮಂಚಮ್ಮ ಕೆ.ಆರ್. ಪೇಟೆಯ ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ತಿಂಗಳಿದ್ದು ಹೊಲಿಗೆ ಕಲಿತು ಬಂದಿದ್ದಳು. ನೈಟಿಯಲ್ಲಿ ಅವಳಿಗೆ ಗೊತ್ತಿದ್ದದ್ದು ಆ ಒಂದೇ ನಮೂನೆ.

ಒಮ್ಮೆ ಕಡುನೀಲಿಯ ಒಂದು ನೈಟಿ ಹಿಂದಕ್ಕೆ ಬಂತು. ಬಾಣಂತಿಗೆ ಕಪ್ಪು ಛಾಯೆ ಬೇಡವೆಂದು ಬಸುರಿಯ ಅತ್ತೆ ಹೇಳಿದ್ದಳಂತೆ. ಮಂಚಮ್ಮ ಅದನ್ನು ತಾನೇ ಇಟ್ಟುಕೊಂಡಳು. ಮಧ್ಯಾಹ್ನ, ಗಂಡಸರು ಗದ್ದೆಯಲ್ಲಿರುವಾಗ, ಹಿತ್ತಲ ಕಡೆ ಕುಳಿತು ಹೊಲಿಯುವಾಗ ಹಾಕಿಕೊಳ್ಳುತ್ತಿದ್ದಳು.

"ಒಳಗೆ ಗಾಳಿ ಆಡ್ತದೆ ಟೀಚರೇ. ಸಿಗ್ಸೋದಿಲ್ಲ, ಬಿಗ್ಯೋದಿಲ್ಲ."

ಅವಳ ತಾಯಿ ಮಾಯಮ್ಮ ಒಲೆಯ ಮುಂದಿನಿಂದಲೇ ಗೊಣಗುತ್ತಿದ್ದರು. "ಎತ್ತೋರು ಆಕ್ಕೊಳೋ ಬಟ್ಟೆ ಕಣೇ ಅದು. ಮದ್ವೆ ಇಲ್ದೋಳ್ಗೆ ಯಾಕೆ?"

"ಆಮ್ಯಾಕೆ ಆಕ್ಕೊಳೋದು ತಾನೇ? ಈಗಿಂದ್ಲೇ ರೂಢಿ ಮಾಡ್ಕತೀನಿ ಬುಡು."

ಮಾಯಮ್ಮ ನಗು ತಡೆಯಲಾರದೆ ಊದುಗೊಳವೆ ಬಾಯಿಗಿಟ್ಟುಕೊಳ್ಳುತ್ತಿದ್ದರು.

ಮಾರನೇ ವರ್ಷ ಪಾಂಡವಪುರದ ಕಡೆಯಿಂದ ಸಂಬಂಧ ಬಂತು. ಹುಡುಗ ರಂಗಸ್ವಾಮಿ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ನೋಡಿ ಒಪ್ಪಿದ. ಮಿಷನ್ನು ಜೊತೆಗೇ ಬರಲಿ, ನಮ್ಮ ಮನೆಗೂ ಜಗಲಿಯಿದೆ ಎಂದು ತಾನಾಗಿಯೇ ಹೇಳಿದ. ಆ ಮಾತನ್ನು ಮಂಚಮ್ಮ ನನಗೆ ಎಷ್ಟೋ ಸಲ ಹೇಳಿದಳು. ಬೇರೆಯವರ ಬಟ್ಟೆ ಬದಿಗಿಟ್ಟು ತನ್ನ ರವಿಕೆಗಳನ್ನು ಹೊಲಿಯತೊಡಗಿದಳು. ಅವಳಿಗೆ ಆ ಮನೆ ಬೇಕಿತ್ತು, ಆ ಹುಡುಗ ಬೇಕಿದ್ದ.

ಆ ಕಡೆಯ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಒಪ್ಪಿಗೆಯಾದ ಮೇಲೆ, ಲಗ್ನ ಕಟ್ಟಿಸುವ ಮುಂಚೆ, ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬಳು ಹೇಳದೆ ಕೇಳದೆ ಬರುತ್ತಾಳೆ. ದಾರಿಹೋಕಳಂತೆ ನೀರು ಕೇಳುತ್ತಾಳೆ. ಅಲಂಕಾರವಿಲ್ಲದ ಹುಡುಗಿಯನ್ನು, ಗುಡಿಸಿದ ನೆಲವನ್ನು ಕಣ್ಣಲ್ಲೇ ಅಳೆದು ಹೋಗುತ್ತಾಳೆ. ಇದು ಗೊತ್ತಿದ್ದ ಮಾಯಮ್ಮ ದಿನವೂ ಮಗಳಿಗೆ ಸೀರೆ ಉಡಿಸಿ, ಸಗಣಿ ಸಾರಿಸಿ ಕಾದರು. ಯಾರೂ ಬರಲಿಲ್ಲ. ಇನ್ನು ಬರುವುದಿಲ್ಲವೆಂದು ಸುಮ್ಮನಾದರು.

ಒಂದು ಶುಕ್ರವಾರ, ಶಾಲೆಗೆ ರಜೆ. ಮಾಯಮ್ಮ ಹಾಲು ಹಾಕಲು ಡೇರಿಗೆ ಹೋಗಿದ್ದರು. ಮಂಚಮ್ಮ ಎಣ್ಣೆನೀರು ಹಾಕಿಕೊಂಡು, ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದು, ತಲೆಗೆ ಬಿಳಿ ಬಟ್ಟೆ ಸುತ್ತಿ, ಆ ನೀಲಿ ನೈಟಿಯಲ್ಲಿ ಕುಳಿತಿದ್ದಳು. ಬಾಗಿಲಲ್ಲಿ ಒಬ್ಬ ಮುದುಕಿ ನಿಂತು ನೀರು ಕೇಳಿದ್ದು ನನ್ನ ಕೋಣೆಯ ಕಿಟಕಿಯಿಂದ ಕಂಡಿತು. ಮಂಚಮ್ಮ ಚೊಂಬು ತಂದಳು. ಮುದುಕಿ ಅವಳ ತಲೆಬಟ್ಟೆ ನೋಡಿದಳು, ಗುಂಡಿಗಳನ್ನು ನೋಡಿದಳು, ಒಳಗಿನಿಂದ ಬರುತ್ತಿದ್ದ ಹೊಗೆಯ ವಾಸನೆ ಎಳೆದುಕೊಂಡಳು.

"ಮನೇಲಿ ಯಾರ್ದಾರಾ ಬಾಣಂತನವಾ, ಮಗ?"

"ಇಲ್ಲ ಕಣವ್ವ."

"ಊಂ."

ಅರ್ಧ ಕುಡಿದು ಚೊಂಬು ಕೆಳಗಿಟ್ಟು ಹೊರಟಳು. ಮಂಚಮ್ಮ ನನ್ನ ಕೋಣೆಗೆ ಬಂದು, "ಯಾವ್ದೋ ಮುದ್ಕಿ ಟೀಚರೇ, ನನ್ನ ಬಾಣಂತಿ ಮಾಡ್ಬುಟ್ಟು ಓದ್ಲು," ಎಂದು ನಕ್ಕಳು. ನಾನೂ ನಕ್ಕೆ.

ಮುದುಕಿ ರಂಗಸ್ವಾಮಿಯ ಸೋದರತ್ತೆ ಬೆಟ್ಟಮ್ಮ ಎಂದು ತಿಳಿದದ್ದು ಮಧ್ಯಸ್ಥಗಾರ ಶಿವಲಿಂಗಯ್ಯ ಬಂದಾಗ. ಹಾಕಿದ ಚಾಪೆಯ ಮೇಲೆ ಅವರು ಕೂರಲಿಲ್ಲ. ಮಂಚಮ್ಮನ ಅಪ್ಪ ದ್ಯಾವಯ್ಯನವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು.

"ಅವ್ರು ಬ್ಯಾಡ ಅಂತಾವ್ರೆ ಕಣಣ್ಣ. ಉಡ್ಗಿ ನಾಲ್ಕು ತಿಂಗ್ಳು ಪ್ಯಾಟೇಲಿದ್ಲಂತಲ್ಲ, ಅದ್ನೂ ಇದ್ನೂ ಸೇರಿಸ್ಕಂಡವ್ರೆ."

"ಒಲ್ಗೆ ಕಲ್ಯಾಕೆ ಓಗಿದ್ಲು ಕಣಯ್ಯ."

"ನಂಗೊತ್ತು. ನಿಂಗೊತ್ತು."

ಅಂದು ಸಂಜೆಯೇ ಮಾಯಮ್ಮ ಆ ನೈಟಿಯನ್ನು ನೀರೊಲೆಗೆ ಹಾಕಿದರು. ಪಕ್ಕದ ಮನೆಯವರು ನೋಡಿದರು. ಏನೂ ಇಲ್ಲದಿದ್ದರೆ ಸುಡುವುದೇಕೆ ಎಂಬ ಮಾತು ಊರಲ್ಲಿ ಹುಟ್ಟಿತು. ದ್ಯಾವಯ್ಯ ಪಾಂಡವಪುರದ ಬಸ್ಸು ಹತ್ತಿ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ಬೆಟ್ಟಮ್ಮ ಕೇಳಿಸಿಕೊಂಡು, "ನಾನೇನಾರಾ ಕೇಳಿದ್ನೇನಪ್ಪ? ಕೇಳ್ದೆ ಇರೋದ್ಕೆ ಇಷ್ಟು ದೂರ ಬಂದು ಯಾಕೆ ಉತ್ರ ಕೊಡ್ತೀಯಾ?" ಅಂದರಂತೆ. ಇದನ್ನು ನಮಗೆ ಹೇಳುವಾಗ ದ್ಯಾವಯ್ಯ ನೆಲ ನೋಡುತ್ತಿದ್ದರು.

ಕೊನೆಗೆ ರಂಗಸ್ವಾಮಿಯೇ ಹೇಳಿಕಳಿಸಿದ. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿಗೆ ಮಂಚಮ್ಮನ ಜೊತೆ ನಾನೂ ಹೋದೆ. ಮಾಸಿದ ಬಿಳಿ ಶರಟಿನ, ಸಾಧುವಾದ ಹುಡುಗ. ಕರ್ಚೀಫನ್ನು ಮಡಿಸಿ ಬಿಚ್ಚಿ ಮಡಿಸುತ್ತಿದ್ದ.

"ನಂಗೆ ನಿಮ್ಮೇಲೆ ನಂಬ್ಕೆ ಐತೆ," ಅಂದ.

ಮಂಚಮ್ಮನ ಮುಖ ಅರಳಿತು. ಹಾಗೆ ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

"ಮನೇಲಿ ಒಪ್ತಿಲ್ಲ. ಒಂದ್ಸಲ ಡಾಕ್ಟ್ರತ್ರ ತೋರ್ಸಿ ಬರಿಸ್ಕಂಡು ಬಂದ್ಬುಟ್ರೆ, ನಾನು ಮಾತಾಡ್ಬೌದು."

"ಏನಂತ ಬರೀಬೇಕು?"

ಅವನು ಬಸ್ಸುಗಳ ಬೋರ್ಡುಗಳ ಕಡೆ ನೋಡಿದ.

"ಯೋಳಿ, ಡಾಕ್ಟ್ರು ಏನಂತ ಬರೀಬೇಕು?"

ಅವನು ಕರ್ಚೀಫನ್ನು ಜೇಬಿಗೆ ಹಾಕಿಕೊಂಡ. ಪಾಂಡವಪುರದ ಬಸ್ಸು ಬಂದು ನಿಂತಿತು.

"ನಿಮ್ ಬಸ್ಸು ಬಂತು. ಅತ್ಕಳಿ," ಎಂದಳು ಮಂಚಮ್ಮ.

ಊರಿಗೆ ಬರುವವರೆಗೂ ಅವಳು ಕಿಟಕಿಯ ಕಂಬಿ ಹಿಡಿದು ಕುಳಿತಿದ್ದಳು. ಬಾಣಂತಿಯರ ಬಟ್ಟೆಗಳು ಬರುವುದು ನಿಂತಿತು; ಆ ಕೈಯಿಂದ ಬೇಡ ಎಂದರು. ಆಮೇಲೆ ಬಂದ ಎರಡು ಸಂಬಂಧದವರು ಊರ ಬಸ್‌ಸ್ಟಾಪಿನ ಟೀ ಅಂಗಡಿಯಲ್ಲೇ ವಿಚಾರಿಸಿ ಹಿಂದಿರುಗಿದರು. ಮಂಚಮ್ಮ ಹೊಲಿಯಲು ಏನೂ ಇಲ್ಲದ ದಿನ ಚಿಂದಿ ಬಟ್ಟೆ ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತಿದ್ದಳು.

ಕಳೆದ ತಿಂಗಳು, ನಾನು ಆ ಊರು ಬಿಟ್ಟು ಎರಡು ವರ್ಷವಾದ ಮೇಲೆ, ನೋಡಿ ಬರಲು ಹೋಗಿದ್ದೆ. ಬೀದಿಯಲ್ಲಿ ಹೆಂಗಸರು ನೈಟಿಯ ಮೇಲೊಂದು ಟವೆಲ್ ಹೊದ್ದು ಡೇರಿಗೆ ಹೋಗುತ್ತಿದ್ದರು. ಯಾರೂ ಅವರನ್ನು ತಿರುಗಿ ನೋಡುತ್ತಿರಲಿಲ್ಲ. ಮಾಯಮ್ಮನೂ ಮಂಡಿನೋವಿಗೆ ಸೀರೆ ಬಿಟ್ಟು ನೈಟಿಯಲ್ಲಿದ್ದರು.

"ಇವ್ಳೇ ಒಲ್ದಿದ್ದು," ಅಂದರು ನನ್ನನ್ನು ನೋಡದೆ. ಅದಕ್ಕೆ ಮುಂದೆ ಗುಂಡಿಯಿರಲಿಲ್ಲ.

ಮಂಚಮ್ಮ ಈಗ ಬೆಳಗಿನ ಬಸ್ಸಿಗೆ ಕೆ.ಆರ್. ಪೇಟೆಗೆ ಹೋಗುತ್ತಾಳೆ. ಅಲ್ಲಿ ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಸಂಜೆಯವರೆಗೆ ನೈಟಿ ಹೊಲಿಯುತ್ತಾಳೆ. ಅವಳು ಸೀರೆ ಉಡುತ್ತಾಳೆ.