ಕಲ್ಲಾದ ಸ್ಟೀರಿಂಗ್

ಹೊಳಲ್ಕೆರೆಯಲ್ಲಿ ಕಾರು ಸರ್ವೀಸ್ ಮಾಡಿಸಿಕೊಂಡು ಹೊರಟಾಗಲೇ ಬಿಗಿಯಿದ್ದ ಸ್ಟೀರಿಂಗ್, ರಾಮಗಿರಿಯ ತಿರುವಿನಲ್ಲಿ ಕಲ್ಲಾಯಿತು. ಎದುರಿಗೆ ಕುರಿ ಹಿಂಡು! ಎರಡೂ ಕೈಯಲ್ಲಿ ಜಗ್ಗಿದೆ. ಕೂದಲೆಳೆಯ ಅಂತರದಲ್ಲಿ ಕುರಿಗಳು ಉಳಿದವು.

"ಏನಪ್ಪ, ಹಗಲೊತ್ತೇ ಕುಡಿದೀಯೇನು?" ಎಂದ ಕುರಿ ಕಾಯುವವ.

ಹೆಂಡದಂಗಡಿ ಮುಚ್ಚಿಸಿ ಎಂದು ಊರೂರು ತಿರುಗಿ ಕೂಗುವ ನನಗೆ ಈ ಮಾತು! ಮೈ ಉರಿದು, ವಾಪಸ್ ಹೋಗಿ ಗ್ಯಾರೇಜಿನ ಗೇಟಿಗೇ ಕಾರನ್ನು ಅಡ್ಡ ನಿಲ್ಲಿಸಿದೆ. ಸೂಪರ್‌ವೈಸರ್ ಓಡಿ ಬಂದ.

"ಸರ್ವೀಸ್ ಆದ್ಮೇಲೆ ಸ್ವಲ್ಪ ಬಿಗಿ ಇರ್ತೈತೆ ಸರ್. ಓಡಿಸ್ತಾ ಸರಿಹೋಗ್ತೈತೆ."

"ಹಂಗಾದ್ರೆ ನೀವೇ ಓಡಿಸ್ರಿ. ಬರ್ರಿ, ಕುಂತ್ಕಳ್ರಿ! ಅಲ್ಲಿವರೆಗೂ ಇಲ್ಲಿಂದ ಒಂದು ಗಾಡಿನೂ ಹೊರಗೆ ಹೋಗಂಗಿಲ್ಲ."

ಕುಂತವನು ಮೊದಲ ತಿರುವಿಗೇ ಬೆವರಿದ. ಸರ್ವೀಸ್ ಮುಗಿದ ಗಾಡಿಗೆ ಕುಂಕುಮ ಇಟ್ಟು ಗಣಪತಿ ಸ್ಟಿಕರ್ ಅಂಟಿಸುವುದು ಅಲ್ಲಿಯ ಪದ್ಧತಿ. ನನ್ನ ಕಾರಿನಲ್ಲಿ ಅದನ್ನು ಮೀಟರಿನ ಗಾಜಿಗೇ ಅಂಟಿಸಿದ್ದರು. ಸಂಶಯ ಬಂದು ನಾನು ಅದನ್ನು ಕಿತ್ತರೆ, ಸ್ಟೀರಿಂಗ್ ಕೆಟ್ಟಿದೆ ಎಂದು ಹೇಳುವ ಹಳದಿ ದೀಪ ಅದರ ಹಿಂದೆ ಉರಿಯುತ್ತಿತ್ತು!

"ದೇವರನ್ನ ಅಡ್ಡ ಇಟ್ಟು ತಪ್ಪು ಮುಚ್ತೀರೇನ್ರಿ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಸೂಪರ್‌ವೈಸರ್ ಬಾನೆಟ್ ಎತ್ತಿ, ಸಿಕ್ಕಿಸದೆ ಬಿಟ್ಟಿದ್ದ ಸ್ಟೀರಿಂಗಿನ ವೈರನ್ನು ಸಿಕ್ಕಿಸಿದ. ಸ್ಟೀರಿಂಗ್ ಒಂದೇ ಬೆರಳಿಗೆ ತಿರುಗಿತು.

ಗೆದ್ದ ಹುರುಪಿನಲ್ಲಿ, ನಾನು ಕುಡಿದಿರಲಿಲ್ಲ ಎಂದು ಆ ಕುರಿಯವನಿಗೆ ತೋರಿಸಲು ರಾಮಗಿರಿಗೆ ಹೋದೆ. ನನ್ನ ಕಾರು ಕಂಡದ್ದೇ ತಡ, ಅವನು ಹಿಂಡನ್ನೆಲ್ಲ ಹೊಲಕ್ಕಿಳಿಸಿ ತಾನು ಮರದ ಹಿಂದೆ ನಿಂತ.